ಹರಳು ಸಂಗ್ರಹ ಶುರು ಮಾಡುವವರು ಮೊದಲು ಕೊಳ್ಳಬೇಕಾದ್ದು ಕಲ್ಲೋ, ಉಪಕರಣವೋ?

ಹೊಸಹರಳು:

ಒಡವೆಗೆ ಕೂರಿಸಲಿಕ್ಕಲ್ಲ, ನೋಡಿ ತಿಳಿದುಕೊಳ್ಳುವ ಹವ್ಯಾಸವಾಗಿ ರತ್ನದ ಹರಳುಗಳನ್ನು ಸಂಗ್ರಹಿಸುವ ಬಗ್ಗೆ ಕೇಳುತ್ತಿದ್ದೇನೆ. ಮೋಸ್ ಗಡಸುತನದ ಪಟ್ಟಿ (ಯಾವುದು ಯಾವುದನ್ನು ಗೀಚುತ್ತದೆ ಎಂಬ 1ರಿಂದ 10ರವರೆಗಿನ ಅಳತೆ) ಗೊತ್ತು, ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ ಅನ್ನೋದು ಗೊತ್ತು. ಗೊತ್ತಾಗಬೇಕಿರುವುದು ಇಷ್ಟು: ಮೊದಲ ಹತ್ತು ಹನ್ನೆರಡು ಹರಳು ಯಾವ ಜಾತಿಯವಾದರೆ ಒಳ್ಳೆಯದು? ಲೂಪ್ (ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ) ಬಿಟ್ಟು ಇನ್ನೇನು ಬೇಕು, ರಿಫ್ರಾಕ್ಟೋಮೀಟರ್ (ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಅಳೆಯುವ ಉಪಕರಣ) ಈಗಲೇ ಬೇಕೇ? ಗಾಜು, ಕೃತಕ, ನೈಸರ್ಗಿಕ ಇವನ್ನು ಮನೆಯಲ್ಲೇ ಎಷ್ಟರ ಮಟ್ಟಿಗೆ ಬೇರ್ಪಡಿಸಬಹುದು? ಗೀಚಿ ನೋಡುವ ಪರೀಕ್ಷೆಯನ್ನು ಹೊಳಪು ಕೊಟ್ಟ ಹರಳಿಗೂ ಮಾಡಬಹುದೇ?

ಹತ್ತುಪಟ್ಟು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಗೀಚಬೇಡಿ. ಗಡಸುತನ ಬೇರೆ, ಪೆಟ್ಟು ತಾಳುವ ಗುಣ ಬೇರೆ. ಟೋಪಾಜ್ ಮೋಸ್ ಪಟ್ಟಿಯಲ್ಲಿ 8ನೆಯದು, ಆದರೂ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಚೂಪು ತುದಿಯಿಂದ ಒತ್ತಿದರೆ ಗೆರೆ ಬೀಳುವ ಬದಲು ಹರಳೇ ಎರಡಾಗಬಹುದು. ಇನ್ನೊಂದು ಮಾತು, ಗೀಚುವುದರಿಂದ ಬೇಕಾದ ಉತ್ತರ ಸಿಗುವುದೂ ಇಲ್ಲ. ಗಣಿಯಿಂದ ಬಂದ ಮಾಣಿಕ್ಯವೂ 9, ಕುಲುಮೆಯಲ್ಲಿ ಬೆಳೆಸಿದ ಮಾಣಿಕ್ಯವೂ 9.

ಲೂಪ್ 10 ಪಟ್ಟಿನದ್ದೇ ಇರಲಿ, ಮೂರು ಮಸೂರ ಜೋಡಿಸಿದ ಟ್ರಿಪ್ಲೆಟ್ ಆಗಿರಲಿ. ಕೊಳ್ಳುವಾಗ ಗ್ರಾಫ್ ಹಾಳೆಯ ಮೇಲೆ ಇಟ್ಟು ನೋಡಿ. ಗೆರೆಗಳು ಅಂಚಿನವರೆಗೂ ನೇರವಾಗಿ ಕಾಣಬೇಕು, ಪಕ್ಕದಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಅಂಚು ಮೂಡಬಾರದು. ಮೂಡಿದರೆ ಅದು ಒಂಟಿ ಮಸೂರದ್ದು, ಬಿಟ್ಟುಬಿಡಿ. 20 ಅಥವಾ 30 ಪಟ್ಟಿನದು ಇನ್ನೂ ಚೆನ್ನಾಗಿ ತೋರಿಸುತ್ತದೆ ಅನಿಸುವುದು ಸಹಜ, ಆದರೆ 10 ಪಟ್ಟಿಗೆ ಸುಮಾರು 25 ಮಿ.ಮೀ. ಇರುವ ನೋಟದ ದೂರ 20 ಪಟ್ಟಿಗೆ ಅರ್ಧವಾಗುತ್ತದೆ. ಕಾಣುವ ಜಾಗವೂ ಕಿರಿದಾಗುತ್ತದೆ, ಬೆಳಕು ಒಳಹೋಗಲು ಎಡೆಯೇ ಉಳಿಯುವುದಿಲ್ಲ.

ಹಿಡಿಯುವ ರೀತಿಗೆ ಎಲ್ಲರೂ ಕಡಿಮೆ ಗಮನ ಕೊಡುತ್ತಾರೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹರಳನ್ನು ಅದರ ಬಳಿಗೆ ತರಬೇಕು. ಮೊಣಕೈಗಳು ಮೇಜಿನ ಮೇಲೆ, ಎರಡೂ ಕೈ ಒಂದಕ್ಕೊಂದು ತಾಗಿರಲಿ, ಎರಡೂ ಕಣ್ಣು ತೆರೆದಿರಲಿ. ದೀಪದ ಬೆಳಕು ಬದಿಯಿಂದ ಹರಳಿನೊಳಗೆ ಹೋಗಬೇಕು, ಹರಳಿನ ಹಿಂದೆ ಕಪ್ಪು ಬಟ್ಟೆ ಇರಬೇಕು. ಆಗ ಒಳಗಿನ ಗುಳ್ಳೆ, ಸೂಜಿ, ಬಿರುಕು ಎಲ್ಲ ಕತ್ತಲಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ನೋಡುವ ಮುನ್ನ ಹರಳನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ಆಮೇಲೆ ಬೆರಳು ತಾಗಿಸದೆ ಚಿಮಟದಲ್ಲಿ ಅದರ ನಡುವಿನ ಅಂಚನ್ನು ಹಿಡಿಯಿರಿ. ಒಂದು ಕಣ ಒಳಗಿದೆಯೋ ಮೇಲಿನ ಧೂಳೋ ಎಂದು ಅನುಮಾನ ಬಂದರೆ ಹರಳನ್ನು ಸ್ವಲ್ಪ ವಾಲಿಸಿ. ಮೇಲಿನದಾದರೆ ಮುಖದ ಜೊತೆಗೇ ಸರಿಯುತ್ತದೆ. ಕೆಳಗೆ ಅಂಚಿರುವ ತಟ್ಟೆಗೆ ಬಟ್ಟೆ ಹಾಸಿಡಿ, ಚಿಮಟದಿಂದ ಚಿಮ್ಮಿದ ಹರಳು ನೆಲಕ್ಕೆ ಬಿದ್ದರೆ ಹುಡುಕುವುದೇ ಒಂದು ಕೆಲಸ.

ಏನು ನೋಡಬೇಕು? ಗಾಜಿನಲ್ಲಿ ದುಂಡನೆಯ ಗುಳ್ಳೆ, ಪಾಕ ಕಲಕಿದಂಥ ಸುಳಿ, ಸವೆದು ಮೊಂಡಾದ ಮುಖದಂಚು. ಜ್ವಾಲೆಯಲ್ಲಿ ಪುಡಿ ಕರಗಿಸಿ ಬೆಳೆಸಿದ ಮಾಣಿಕ್ಯದಲ್ಲಿ ಬಾಗಿದ ಗೆರೆಗಳು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನಾಯ್ ಈ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ, ಹಾಗಾಗಿ 'ಹಳೇ ಕಾಲದ ಒಡವೆಯ ಹರಳು' ಅನ್ನುವುದು ನೈಸರ್ಗಿಕ ಎಂಬುದಕ್ಕೆ ಪುರಾವೆಯಲ್ಲ. ನೈಸರ್ಗಿಕ ಮಾಣಿಕ್ಯ, ನೀಲಗಳಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ, ಕೋನ ಮಾಡಿ ತಿರುಗುತ್ತವೆ.

ಮೊದಲ ಖರೀದಿಗೆ ಸ್ಫಟಿಕದ ಕುಟುಂಬಕ್ಕಿಂತ ಒಳ್ಳೆಯ ಗುರು ಇಲ್ಲ. ಬಿಳಿ ಸ್ಫಟಿಕ, ಅಮೆಥಿಸ್ಟ್, ಸಿಟ್ರಿನ್, ಹೊಗೆ ಬಣ್ಣದ್ದು, ಗುಲಾಬಿ, ಅಗೇಟ್, ಕಾರ್ನೀಲಿಯನ್: ರಾಸಾಯನಿಕವಾಗಿ ಎಲ್ಲ ಒಂದೇ ಸಿಲಿಕಾ, ನೋಟ ಮಾತ್ರ ಏಳು ಬಗೆ. ಅದರ ಜೊತೆಗೆ ಒಂದು ಗಾರ್ನೆಟ್, ಒಂದು ಟೂರ್ಮಲಿನ್, ಒಂದು ಪೆರಿಡಾಟ್. ಪೆರಿಡಾಟನ್ನು ಮೇಲಿಂದ ಲೂಪಿನಲ್ಲಿ ನೋಡಿದರೆ ಹಿಂಬದಿಯ ಅಂಚುಗಳು ಜೋಡಿ ಜೋಡಿಯಾಗಿ ಕಾಣುತ್ತವೆ, ದ್ವಿವಕ್ರೀಭವನ (ಒಂದು ಬೆಳಕಿನ ಕಿರಣ ಹರಳಿನೊಳಗೆ ಎರಡಾಗುವುದು) ಅಂದರೇನು ಎಂದು ಅದೊಂದೇ ನೋಟ ಹೇಳಿಬಿಡುತ್ತದೆ. ಇನ್ನು ಮೂರು ಹರಳನ್ನು ನಕಲಿ ಎಂದು ಗೊತ್ತಿದ್ದೇ ಕೊಳ್ಳಿ: ಒಂದು ಬಣ್ಣದ ಗಾಜು, ಒಂದು ಜ್ವಾಲೆಯ ಕೃತಕ ಮಾಣಿಕ್ಯ, ಒಂದು ಕ್ಯೂಬಿಕ್ ಜಿರ್ಕೋನಿಯಾ (ವಜ್ರದ ನಕಲಿಗೆ ಬಳಸುವ ಕಾರ್ಖಾನೆಯ ವಸ್ತು). ಈ ಮೂರರ ಒಳಗನ್ನು ಕಣ್ಣು ಪಳಗುವವರೆಗೆ ನೋಡದೆ ದುಬಾರಿ ಹರಳಿನ ಹತ್ತಿರ ಹೋಗಬೇಡಿ. ಎಲ್ಲವೂ ಸಾಧ್ಯವಾದರೆ 2 ಕ್ಯಾರೆಟ್‌ಗಿಂತ ದೊಡ್ಡವಿರಲಿ. ಯಾಕೆಂದು ತೂಕದ ಪರೀಕ್ಷೆ ಮಾಡುವಾಗ ಗೊತ್ತಾಗುತ್ತದೆ.

ನೀರಿನತಕ್ಕಡಿ:

ಹತ್ತುಪಟ್ಟು ಅವರು ಬಿಟ್ಟ ಕಡೆಯಿಂದ ಮುಂದುವರಿಸುತ್ತೇನೆ. ಲೂಪ್ ಆದ ಮೇಲೆ ರಿಫ್ರಾಕ್ಟೋಮೀಟರ್ ಬೇಡ, ತಕ್ಕಡಿ ಬೇಕು. 0.001 ಗ್ರಾಂವರೆಗೆ ಓದುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಹರಳು ಎಷ್ಟು ಪಟ್ಟು ಭಾರ ಎಂಬುದು) ಮನೆಯಲ್ಲೇ ಸಿಗುತ್ತದೆ. ಅದೊಂದು ಸಂಖ್ಯೆ ಎಷ್ಟೋ ವಾದಗಳನ್ನು ಮುಗಿಸುತ್ತದೆ.

ಕ್ರಮ ಹೀಗೆ. ಒಣ ಹರಳನ್ನು ತೂಗಿ ಬರೆದುಕೊಳ್ಳಿ. ಕುದಿಸಿ ಆರಿಸಿದ ನೀರನ್ನು ಹಗುರವಾದ ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ ತಕ್ಕಡಿಯ ಮೇಲಿಡಿ. ಇಂಥ ತಕ್ಕಡಿಗಳ ಮಿತಿ ಅನೇಕ ಸಲ 20 ಗ್ರಾಂ ಮಾತ್ರ, ಆದ್ದರಿಂದ ಬಟ್ಟಲು ಸೇರಿ 15 ಗ್ರಾಂ ದಾಟದಿರಲಿ. ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು ಸೇರಿಸಿ, ಗುಳ್ಳೆ ಅಂಟುವುದು ತಪ್ಪುತ್ತದೆ. ಸಣ್ಣ ತಾಮ್ರದ ತಂತಿಯಿಂದ ಹರಳು ಕೂರುವಷ್ಟು ಸುರುಳಿ ಮಾಡಿ, ತಕ್ಕಡಿಗೆ ತಾಗದ ಬೇರೆ ಆಧಾರದಿಂದ ನೀರಿನೊಳಗೆ ಇಳಿಬಿಡಿ. ಖಾಲಿ ಸುರುಳಿ ಮುಳುಗಿರುವಾಗಲೇ ತಕ್ಕಡಿಯನ್ನು ಸೊನ್ನೆಗೆ ತನ್ನಿ. ಈಗ ಹರಳನ್ನು ಸುರುಳಿಯಲ್ಲಿಟ್ಟು ಅದೇ ಆಳಕ್ಕೆ ಇಳಿಸಿ. ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. 2.000 ಗ್ರಾಂ ಹರಳಿಗೆ 0.500 ಬಂದರೆ ಸಾಂದ್ರತೆ 4.00, ಅಂದರೆ ಮಾಣಿಕ್ಯ, ನೀಲಗಳ ಕೊರಂಡಮ್ ಜಾತಿ.

ತಪ್ಪಾಗುವ ಜಾಗಗಳು ನಾಲ್ಕೈದೇ. ಹರಳು ತಳಕ್ಕೋ ಬದಿಗೋ ತಾಗಿದರೆ ಓದು ಒಮ್ಮೆಲೇ ಏರುತ್ತದೆ, ಸಾಂದ್ರತೆ ಕಡಿಮೆ ಬಂದು ಮೋಸ ಮಾಡುತ್ತದೆ. ಒಂದು ಗುಳ್ಳೆ ಅಂಟಿಕೊಂಡರೂ ಹಾಗೇ, ಅದನ್ನು ಕುಂಚದಿಂದ ತೆಗೆಯಿರಿ. ಫ್ಯಾನ್ ನಿಲ್ಲಿಸಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮುಖ್ಯವಾದದ್ದು ಗಾತ್ರ: 1 ಕ್ಯಾರೆಟ್ ನೀಲ ಸರಿಸುವ ನೀರು ಬರೀ 0.05 ಗ್ರಾಂ. 0.01 ಗ್ರಾಂ ತಕ್ಕಡಿಯಲ್ಲಿ ಅಳೆದರೆ ಉತ್ತರ 3.6ರಿಂದ 4.4ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು, ಅದು ಅಳತೆಯೇ ಅಲ್ಲ.

ನೆನಪಿಡಬೇಕಾದ ಸಂಖ್ಯೆಗಳು: ಆಂಬರ್ 1.08, ಸ್ಫಟಿಕ 2.65, ಪಚ್ಚೆ ಮತ್ತು ಆಕ್ವಾಮರೀನ್ ಸುಮಾರು 2.72, ಟೂರ್ಮಲಿನ್ 3.06ರ ಆಸುಪಾಸು, ವಜ್ರ 3.52, ಟೋಪಾಜ್ 3.53, ಸ್ಪಿನೆಲ್ 3.60, ಕೊರಂಡಮ್ 4.00, ಕ್ಯೂಬಿಕ್ ಜಿರ್ಕೋನಿಯಾ 5.6ಕ್ಕಿಂತ ಹೆಚ್ಚು. ಸ್ಫಟಿಕಕ್ಕೂ ಪಚ್ಚೆಗೂ ವ್ಯತ್ಯಾಸ 0.07 ಮಾತ್ರ, ಸಣ್ಣ ಹರಳಿನಲ್ಲಿ ಅದನ್ನು ನಂಬಬೇಡಿ. ಓಪಲ್, ಟರ್ಕಾಯ್ಸ್, ಅಂಟು ಹಾಕಿ ಜೋಡಿಸಿದ ಹರಳು, ಇವನ್ನು ನೀರಿಗೆ ಇಳಿಸಲೇಬೇಡಿ. ಇಥಿಯೋಪಿಯಾದ ವೆಲೋ ಓಪಲ್ ನೀರು ಹೀರಿ ಬಣ್ಣದಾಟವನ್ನೇ ಕಳೆದುಕೊಂಡಂತೆ ಪಾರದರ್ಶಕವಾಗುತ್ತದೆ. ಒಣಗಿದ ಮೇಲೆ ಸಾಮಾನ್ಯವಾಗಿ ಮರಳಿ ಬರುತ್ತದೆ, ಆದರೆ ನೀರಿನಲ್ಲಿದ್ದ ಕಲೆ ಒಳಗೆ ಉಳಿಯಬಹುದು.

ರಿಫ್ರಾಕ್ಟೋಮೀಟರ್ ಒಳ್ಳೆಯ ಉಪಕರಣವೇ, ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಹರಳಿಗೂ ಅದರ ಗಾಜಿಗೂ ನಡುವೆ ಹಾಕುವ ಸಂಪರ್ಕ ದ್ರವದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸಾಮಾನ್ಯವಾಗಿ 1.81, ಅದಕ್ಕಿಂತ ಹೆಚ್ಚಿನ ಸೂಚ್ಯಂಕದ ವಜ್ರ, ಜಿರ್ಕಾನ್ ಅದರಲ್ಲಿ ಓದು ಕೊಡುವುದಿಲ್ಲ. ದ್ರವ ವಿಷಕಾರಿ, ವಾಸನೆಯೂ ಇದೆ, ಕಿಟಕಿ ತೆರೆದೇ ಬಳಸಬೇಕು. ಅದರ ಗಾಜು ಮೆತ್ತಗಿನದು, ಹರಳನ್ನು ಎಳೆದರೆ ಗೀರು ಬಿದ್ದು ಉಪಕರಣ ಕೆಡುತ್ತದೆ.

ಹೊಸಹರಳು:

ಇಬ್ಬರಿಗೂ ಧನ್ಯವಾದ. ಒಂದು ಅಳತೆ ಕೊಡುತ್ತೇನೆ, ಹೇಗೆ ಓದಬೇಕು ಹೇಳಿ. ನೀಲ ಎಂಬ ಹೆಸರಿನ ಕಡು ನೀಲಿ ಹರಳು. ಒಣ ತೂಕ 1.12 ಗ್ರಾಂ, ನೀರಿನ ಓದು 0.31, ತಕ್ಕಡಿ 0.01ರದು. ಭಾಗಿಸಿದರೆ 3.61. ಲೂಪಿನಲ್ಲಿ ಗುಳ್ಳೆ, ಗೆರೆ ಏನೂ ಇಲ್ಲ, ತೀರಾ ಸ್ವಚ್ಛ.

ಅಡ್ಡಬೆಳಕು:

ಮೊದಲು ತಪ್ಪಿನ ಅಂತರ ಹಾಕಿ. 1.12 ಅಂದರೆ 1.115ರಿಂದ 1.125ರೊಳಗೆ ಎಲ್ಲೋ, 0.31 ಅಂದರೆ 0.305ರಿಂದ 0.315ರೊಳಗೆ ಎಲ್ಲೋ. ಆದ್ದರಿಂದ ಉತ್ತರ 3.61 ಅಲ್ಲ, 3.54ರಿಂದ 3.69. ಇಷ್ಟು ಸಡಿಲ ಇಟ್ಟರೂ 4.00 ಹತ್ತಿರ ಬರುವುದಿಲ್ಲ. ಅಳೆಯುವಾಗ ಹರಳು ಎಲ್ಲೂ ತಾಗಿರಲಿಲ್ಲ, ಗುಳ್ಳೆ ಅಂಟಿರಲಿಲ್ಲ ಅನ್ನುವುದಾದರೆ ಇದು ನೀಲ ಅಲ್ಲ.

ಉಳಿದ ಅಭ್ಯರ್ಥಿಗಳು: ನೀಲಿ ಟೋಪಾಜ್ 3.53, ಅಂಚಿನಲ್ಲೇ ಇದೆ. ಸ್ಪಿನೆಲ್ 3.60. ಜ್ವಾಲೆಯಲ್ಲಿ ಬೆಳೆಸಿದ ಕೃತಕ ಸ್ಪಿನೆಲ್ ಸುಮಾರು 3.64. ಕಯನೈಟ್ 3.68ರ ಹತ್ತಿರ. ಸೀಸ ಬೆರೆತ ಗಾಜೂ ಈ ಸಾಂದ್ರತೆಗೆ ಬರಬಹುದು. ಟ್ಯಾಂಜನೈಟ್ 3.35, ಹಾಗಾಗಿ ಹೊರಗೆ.

ಇವನ್ನು ಬೇರ್ಪಡಿಸಲು ಒಂದು ತುಂಡು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕರಿಸಿದ ಬೆಳಕನ್ನಷ್ಟೇ ಬಿಡುವ ಹಾಳೆ) ಸಾಕು. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಆಗಲೇ ಧ್ರುವೀಕರಿಸಿದ್ದು. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಹಾಳೆಯನ್ನು ಎದುರು ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಬಿಳಿ ಪುಟ ಪೂರ್ತಿ ಕಪ್ಪಾಗುತ್ತದೆ, ಅಲ್ಲೇ ನಿಲ್ಲಿಸಿ. ಕಪ್ಪಾಗದಿದ್ದರೆ ಆ ಪರದೆ ಈ ಕೆಲಸಕ್ಕೆ ಬರುವುದಿಲ್ಲ, ಬೇರೆ ಪರದೆ ನೋಡಿ. ಈಗ ಪರದೆಗೂ ಹಾಳೆಗೂ ನಡುವೆ ಹರಳನ್ನು ಚಿಮಟದಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ. ಮುಖಗಳ ಪ್ರತಿಫಲನ ಕಣ್ಣು ಕುಕ್ಕಿದರೆ ನೀರು ತುಂಬಿದ ಸಣ್ಣ ಗಾಜಿನ ಬಟ್ಟಲಲ್ಲಿ ಹರಳನ್ನಿಟ್ಟು ನೋಡಿ. ಪ್ಲಾಸ್ಟಿಕ್ ಬಟ್ಟಲು ಬೇಡ, ಅದರ ಒಳಒತ್ತಡವೇ ಬಣ್ಣದ ಪಟ್ಟೆಗಳನ್ನು ತೋರಿಸುತ್ತದೆ.

ಟೋಪಾಜ್, ಕಯನೈಟ್ ದ್ವಿವಕ್ರೀಭವನದವು, ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕತ್ತಲಾಗುತ್ತವೆ. ನೈಸರ್ಗಿಕ ಸ್ಪಿನೆಲ್ ಸುತ್ತಿಡೀ ಕತ್ತಲಾಗಿರುತ್ತದೆ. ಇಲ್ಲೊಂದು ಬಲೆ ಇದೆ: ದ್ವಿವಕ್ರೀಭವನದ ಹರಳೂ ತನ್ನ ದೃಕ್ ಅಕ್ಷದ (ಬೆಳಕು ಎರಡಾಗದ ದಿಕ್ಕಿನ) ನೇರಕ್ಕೆ ನೋಡಿದಾಗ ಹೀಗೆ ಮಿನುಗುವುದಿಲ್ಲ. ಆದ್ದರಿಂದ ಒಂದು ದಿಕ್ಕಿನ ಫಲ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಮೂರು ದಿಕ್ಕಿನಿಂದ ನೋಡಿ. ಜ್ವಾಲೆಯ ಸ್ಪಿನೆಲ್ ಬೆಳೆಯುವಾಗಲೇ ಒಳಗೆ ಎಳೆತ ಉಳಿಸಿಕೊಂಡಿರುತ್ತದೆ, ಅದರಲ್ಲಿ ಕತ್ತಲೂ ಬೆಳಕೂ ಗೀರು ಗೀರಾಗಿ ಹಾವಿನಂತೆ ಸರಿದಾಡುತ್ತವೆ.

ಅದೇ ಹಾಳೆಯಿಂದ ಇನ್ನೊಂದು ನೋಟ. ಪರದೆ ಬಿಟ್ಟು, ಮಾಮೂಲಿ ಬಿಳಿ ದೀಪದೆದುರು ಹರಳನ್ನು ಹಿಡಿದು ಹಾಳೆಯನ್ನು ಮಾತ್ರ ತಿರುಗಿಸಿ. ನಿಜವಾದ ನೀಲದಲ್ಲಿ ಅಚ್ಚ ನೀಲಿ ಮತ್ತು ಹಸಿರು ಮಿಶ್ರಿತ ನೀಲಿ ಒಂದರ ನಂತರ ಒಂದು ಬರುತ್ತವೆ. ಸ್ಪಿನೆಲ್, ಗಾಜಿನಲ್ಲಿ ಬಣ್ಣ ಬದಲಾಗುವುದಿಲ್ಲ.

ಗಣಿಚೀಟಿ:

ಪರೀಕ್ಷೆಯ ಮಾತು ನಡೆಯುತ್ತಿರುವಾಗಲೇ ಹೆಸರಿನ ಮಾತನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು ಬಳಸುವ ಹೆಸರುಗಳು ಖನಿಜದ ಹೆಸರುಗಳಲ್ಲ, ಬಹುಪಾಲು ಬಣ್ಣದ ಹೆಸರುಗಳು. ಪುಷ್ಯರಾಗ ಅಂದರೆ ಕೆಲವರಿಗೆ ಹಳದಿ ಕೊರಂಡಮ್, ಕೆಲವರಿಗೆ ಟೋಪಾಜ್. ಒಂದರ ಸಾಂದ್ರತೆ 4.00, ಇನ್ನೊಂದರದು 3.53. ಗೋಮೇಧಿಕ ಎಂದು ಮಾರಾಟವಾಗುವುದು ಹೆಚ್ಚಾಗಿ ಹೆಸೊನೈಟ್ ಗಾರ್ನೆಟ್, ಆದರೆ ಆ ಹೆಸರು ಜಿರ್ಕಾನಿಗೂ ಅಂಟಿಕೊಂಡಿದೆ. ಜಿರ್ಕಾನ್ ನೈಸರ್ಗಿಕ ಖನಿಜ, ಜಿರ್ಕೋನಿಯಾ ಕಾರ್ಖಾನೆಯ ವಸ್ತು. ಇವೆರಡನ್ನೂ ಒಂದೇ ಎಂದು ತಿಳಿದು ಒಳ್ಳೆಯ ಜಿರ್ಕಾನನ್ನು ಕೈಬಿಡುವವರಿದ್ದಾರೆ, ಬೇಸರದ ಸಂಗತಿ. ಇಂಗ್ಲಿಷ್ ವ್ಯಾಪಾರದ ಹೆಸರುಗಳೂ ಕಡಿಮೆಯಿಲ್ಲ: ಸ್ಮೋಕಿ ಟೋಪಾಜ್ ಎಂದರೆ ಹೊಗೆ ಸ್ಫಟಿಕ, ಹರ್ಕಿಮರ್ ಡೈಮಂಡ್ ಎಂದರೆ ಸ್ಫಟಿಕ, ಓಪಲೈಟ್ ಮತ್ತು ಗೋಲ್ಡ್‌ಸ್ಟೋನ್ ಎಂದು ಮಾರುವುದು ಗಾಜು. ಬ್ರಿಟಿಷ್ ರಾಜಕಿರೀಟದ ಬ್ಲ್ಯಾಕ್ ಪ್ರಿನ್ಸ್ ರೂಬಿ ಕೂಡ ಮಾಣಿಕ್ಯವಲ್ಲ, ಸ್ಪಿನೆಲ್. ಚೀಟಿಯಲ್ಲಿ ಖನಿಜದ ಹೆಸರೇ ಇರಲಿ, ಮಾರಿದವರು ಹೇಳಿದ ಹೆಸರನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.

ಸಂಸ್ಕರಣೆಯ ಬಗ್ಗೆ ಬಿಡಿಸಿ ಕೇಳಿ. 'ಒರಿಜಿನಲ್ಲಾ?' ಅಂತ ಕೇಳಿದರೆ ಎಲ್ಲದಕ್ಕೂ ಹೌದು ಅನ್ನಬಹುದು. ನೈಸರ್ಗಿಕವೋ ಕೃತಕವೋ, ಕಾಯಿಸಿದ್ದೋ, ಬಿರುಕಿಗೆ ಎಣ್ಣೆ ಅಥವಾ ಗಾಜು ತುಂಬಿದ್ದೋ, ಬಣ್ಣ ಹಾಕಿದ್ದೋ, ಮೇಲೆ ಲೇಪ ಕೊಟ್ಟಿದ್ದೋ, ವಿಕಿರಣ ಕೊಟ್ಟಿದ್ದೋ ಎಂದು ಒಂದೊಂದಾಗಿ ಕೇಳಿ ಬಿಲ್ಲಿನಲ್ಲಿ ಬರೆಸಿ. ಮಾರುಕಟ್ಟೆಯ ಸಿಟ್ರಿನ್ ಬಹುಪಾಲು ಕಾಯಿಸಿದ ಅಮೆಥಿಸ್ಟ್, ಅದು ಒಪ್ಪಿತ ಪದ್ಧತಿ, ಮುಚ್ಚಿಟ್ಟರೆ ಮಾತ್ರ ತಪ್ಪು. ಸೀಸದ ಗಾಜು ತುಂಬಿದ ಮಾಣಿಕ್ಯ ಬೇರೆಯೇ ವಿಷಯ. ಲೂಪಿನಡಿ ಓಲಾಡಿಸಿದರೆ ಬಿರುಕಿನುದ್ದಕ್ಕೂ ನೀಲಿ ಅಥವಾ ಕಿತ್ತಳೆ ಮಿಂಚು, ಚಪ್ಪಟೆ ಗುಳ್ಳೆಗಳು ಕಾಣುತ್ತವೆ. ನಿಂಬೆರಸದಂಥ ಆಮ್ಲ ಸಾಕು, ಒಳಗಿನ ಗಾಜು ಕೊರೆದುಹೋಗುತ್ತದೆ.

ಮನೆಯಲ್ಲಿ ಆಗದ ಕೆಲಸವೂ ಇದೆ. ಜಲೋಷ್ಣ ವಿಧಾನದಲ್ಲಿ (ಒತ್ತಡದಲ್ಲಿರುವ ಬಿಸಿ ನೀರಿನ ದ್ರಾವಣದಲ್ಲಿ) ಬೆಳೆಸಿದ ಸ್ವಚ್ಛ ಅಮೆಥಿಸ್ಟನ್ನು ನೈಸರ್ಗಿಕದಿಂದ ಬೇರ್ಪಡಿಸುವುದಕ್ಕೆ, ಬೆರಿಲಿಯಂ ಸೇರಿಸಿ ಕಾಯಿಸಿದ ನೀಲವನ್ನು ಗುರುತಿಸುವುದಕ್ಕೆ ಪ್ರಯೋಗಾಲಯವೇ ಬೇಕು. ವರದಿ ಬಂದರೆ ಅದರ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲೇ ಹಾಕಿ ನೋಡಿ, ತೂಕ ಮತ್ತು ಮಿ.ಮೀ. ಅಳತೆ ಕೈಯಲ್ಲಿರುವ ಹರಳಿಗೆ ಹೊಂದುತ್ತವೆಯೇ ಪರೀಕ್ಷಿಸಿ.

ದಾಖಲೆಯಲ್ಲಿ ಸೋಮಾರಿತನ ಬೇಡ. ಜಾತಿಯನ್ನು ಇನ್ನೊಂದು ಸಲ ಪರೀಕ್ಷಿಸಬಹುದು, ಗಣಿಯ ಹೆಸರು ಕಳೆದುಹೋದರೆ ಮನೆಯ ಯಾವ ಉಪಕರಣವೂ ಅದನ್ನು ಮರಳಿ ಕೊಡುವುದಿಲ್ಲ. ಒರಟು ಕಲ್ಲುಗಳಲ್ಲಿ ಅರ್ಧ ಬೆಲೆ ಇರುವುದೇ ಅದರಲ್ಲಿ. ಹಳೆಯ ಚೀಟಿ ಹರಿದಿದ್ದರೂ ಎಸೆಯಬೇಡಿ. ಒರಟು ಕಲ್ಲಿನ ಕಾಣದ ಬದಿಯಲ್ಲಿ 3 ಮಿ.ಮೀ.ನಷ್ಟು ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ಸಂಖ್ಯೆ ಬರೆಯಿರಿ.

ಪ್ರತಿ ಹರಳಿಗೂ ಬೇರೆ ಡಬ್ಬಿ. ಒಂದೇ ಪೊಟ್ಟಣದಲ್ಲಿ ನೀಲವೂ ಅಪಟೈಟೂ ಇದ್ದರೆ ಅಪಟೈಟಿನ ಹೊಳಪು ಹೋಯಿತೆಂದೇ ಲೆಕ್ಕ. ಮನೆಯ ಧೂಳಿನಲ್ಲಿ ಸ್ಫಟಿಕದ ಕಣ ಇರುತ್ತದೆ, ಅದರ ಗಡಸುತನ 7. ಫ್ಲೋರೈಟ್, ಓಪಲ್‌ಗಳನ್ನು ಒಣಬಟ್ಟೆಯಿಂದ ಒರೆಸುವುದು ಮರಳಿನಿಂದ ಉಜ್ಜಿದಂತೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ. ಅಮೆಥಿಸ್ಟ್, ಕುಂಜೈಟ್ ಬಿಸಿಲಿಗೆ ಬಣ್ಣ ಬಿಡುತ್ತವೆ. ಓಪಲ್ ಇರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಬೇಡಿ. ತೊಳೆಯಲು ಉಗುರುಬೆಚ್ಚಗಿನ ನೀರು, ಮೃದು ಸೋಪು, ಮೆತ್ತನೆ ಕುಂಚ ಸಾಕು. ಪಚ್ಚೆಗೆ ಅಲ್ಟ್ರಾಸಾನಿಕ್ ಯಂತ್ರವೂ ಬೇಡ, ಅಸಿಟೋನೂ ಬೇಡ, ಬಿರುಕಿನ ಎಣ್ಣೆ ಹೊರಬಂದು ಹರಳು ಮಂಕಾಗುತ್ತದೆ.

ಹೊಸಹರಳು:

ಹಾಳೆ ಹಿಡಿದು ನಾಲ್ಕು ದಿಕ್ಕಿನಿಂದ ನೋಡಿದ ಫಲ: ಎಲ್ಲೂ ನಾಲ್ಕು ಸಲ ಮಿನುಗುವುದಿಲ್ಲ, ಪೂರ್ತಿ ಕತ್ತಲೂ ಆಗುವುದಿಲ್ಲ. ಬೂದು ಗೀರುಗಳು ಅಡ್ಡಾದಿಡ್ಡಿ ಸರಿಯುತ್ತವೆ. ದೀಪದೆದುರು ಹಾಳೆ ತಿರುಗಿಸಿದರೆ ಬಣ್ಣ ಬದಲಾಗುವುದಿಲ್ಲ. ಪ್ರಖರ ಬಿಳಿ ಬೆಳಕಿನಲ್ಲಿ ಒಂದೆರಡು ಮುಖದಲ್ಲಿ ಕೆಂಪು ಮಿಂಚು ಕಾಣುತ್ತದೆ. ಮುಖದಂಚುಗಳು ಚೂಪಾಗಿವೆ.

ಅಡ್ಡಬೆಳಕು:

ಕೆಂಪು ಮಿಂಚು ಕೋಬಾಲ್ಟಿನದು. ಜ್ವಾಲೆಯ ನೀಲಿ ಸ್ಪಿನೆಲ್‌ಗೆ ಬಣ್ಣ ಬರುವುದೇ ಕೋಬಾಲ್ಟಿನಿಂದ. ಕೋಬಾಲ್ಟ್ ಗಾಜೂ ಹೀಗೇ ಕೆಂಪು ತೋರಿಸುತ್ತದೆ, ಎಳೆತವಿರುವ ಗಾಜಿನಲ್ಲೂ ಗೀರುಗಳು ಕಾಣಬಹುದು. ಆದರೆ 3.6 ಸಾಂದ್ರತೆಯ ಸೀಸದ ಗಾಜು ಮೆತ್ತಗಿನದು, ಅಂಚುಗಳು ಇಷ್ಟು ಚೂಪಾಗಿ ಉಳಿಯುವುದು ಅಪರೂಪ. ಪೂರ್ತಿ ಖಚಿತವಾಗಬೇಕಾದರೆ ರಿಫ್ರಾಕ್ಟೋಮೀಟರ್ ಇರುವವರ ಬಳಿ ಒಂದು ಓದು ತೆಗೆಸಿ: ಕೃತಕ ಸ್ಪಿನೆಲ್ ಆದರೆ 1.728ರ ಹತ್ತಿರ ಒಂದೇ ಗೆರೆ, ನೈಸರ್ಗಿಕವಾದರೆ 1.718ರ ಆಸುಪಾಸು, ಗಾಜಾದರೆ ಅದಕ್ಕಿಂತ ಸಾಕಷ್ಟು ಕೆಳಗೆ.

ಗಣಿಚೀಟಿ:

ಹರಳನ್ನು ಹಿಂದಿರುಗಿಸಲು ಆಗದಿದ್ದರೆ ಇಟ್ಟುಕೊಳ್ಳಿ, ಹತ್ತುಪಟ್ಟು ಅವರು ಹೇಳಿದ ನಕಲಿಗಳ ಸಾಲಿಗೆ ಇದು ನಾಲ್ಕನೆಯದು. ಚೀಟಿ ಹೀಗಿರಲಿ: 'ಸ್ಪಿನೆಲ್, ಕೃತಕ, ಜ್ವಾಲಾ ವಿಧಾನ, ಬಹುತೇಕ ಖಚಿತ. ಕಡು ನೀಲಿ. 5.6 ಕ್ಯಾರೆಟ್. ಸಾಂದ್ರತೆ 3.54–3.69. ಅಡ್ಡ ಪೋಲರಾಯ್ಡ್‌ನಲ್ಲಿ ಗೀರುಗೀರು ಕತ್ತಲು. ಬಣ್ಣ ಬದಲಾವಣೆ ಇಲ್ಲ. ವಕ್ರೀಭವನ: ಅಳೆಯಬೇಕು. ಮಾರಿದ ಹೆಸರು: ನೀಲ.' ಕೆಳಗೆ ಅಳತೆ ಮಾಡಿದ ತಾರೀಖು.